ಎರಡನೆಯ ನುಡಿ

ತೀರಿಹೋದ ಹೆಂಡತಿ ಜಯಶೀಲಾ ಹಾಡಿದ್ದ ಮಂಗಳಾರತಿ ಸೀಡಿಯಿಂದ ಹೊರಟಾಗ ರೇವಣಸಿದ್ದಪ್ಪನವರು ಕಣ್ಣುಮುಚ್ಚಿ ಕೈಮುಗಿದರು. ಪುಣ್ಯತಿಥಿಗೆಂದು ಯಡಿಯೂರಿನ ಮನೆಗೆ ಬಂದಿದ್ದ ನೆಂಟರು ಮಾತು ನಿಲ್ಲಿಸಿದರು.

“ಹಳೇ ಕ್ಯಾಸೆಟ್ಟಲ್ಲಿ ಬುಸ್ ಅಂತಿದ್ದ ಸದ್ದೆಲ್ಲಾ ತೆಗೆಸ್ಬಿಟ್ಟಿದೀನಿ ಅಪ್ಪಾಜಿ,” ಎಂದಳು ಮಗಳು ಮಧುಮತಿ.

“ಕ್ಯಾಸೆಟ್ಟೇ ಚೆನ್ನಾಗಿತ್ತಮ್ಮ. ಎರಡನೇ ನುಡೀಲಿ ಮಾತ್ರ ಟೇಪು ಸವೆದು ದನಿ ತಗ್ಗೋದು.”

ಎರಡನೆಯ ನುಡಿ ಬಂತು. ನಡುವೆ ರೇವಣಸಿದ್ದಪ್ಪನವರದೇ ಮಾತು ಸ್ಪಷ್ಟವಾಗಿ ಕೇಳಿಸಿತು: “ಸಾಕು ಮಾಡೇ, ಕತ್ತೆ ಕಿರಚಿದ ಹಾಗೆ. ಬೀದಿಯೋರು ನಗ್ತಾರೆ.” ಅದರ ಹಿಂದೆಯೇ ಜಯಶೀಲಾರ ದನಿ ತಗ್ಗಿತು.

ಅವರು ಕಣ್ಣು ತೆರೆಯಲಿಲ್ಲ. ಜಯಶೀಲಾರ ತಂಗಿ ವಿಜಯಲಕ್ಷ್ಮಿ ಮೆಲ್ಲಗೆ ಹೇಳಿದರು: “ಆಮೇಲೆ ಯಾಕಕ್ಕ ಹಾಡ್ಲೇ ಇಲ್ಲ ಅಂತ ಕೇಳಿದ್ದೆ ಭಾವ. ಗಂಟಲು ಹೋಯ್ತು ಕಣೆ ಅಂದಿದ್ಲು.”