ನೋವಿನೆಣ್ಣೆಯ ಘಾಟು

ಕೋಚ್ ನೋವಿನೆಣ್ಣೆಯ ಶೀಶೆಯ ಮುಚ್ಚಳ ತೆಗೆದು ಗೋಲ್‌ಕೀಪರನ ಮೂಗಿಗೆ ಹಿಡಿದರು. ಸಾಂಕ್ರಾಮಿಕ ಶುರುವಾದ ಮೇಲೆ ಪ್ರತಿ ಪಂದ್ಯಕ್ಕೂ ಮುಂಚೆ ಇದೇ ಪರೀಕ್ಷೆ. ಘಾಟು ತಿಳಿಯದವನು ನೇರ ಮನೆಗೆ. ಕೆಳದರ್ಜೆಯ ಬಡ ಕ್ಲಬ್ಬಿಗೆ ಇದಕ್ಕಿಂತ ದೊಡ್ಡ ಲ್ಯಾಬು ಎಲ್ಲಿಂದ ಬರಬೇಕು?

ಎಲ್ಲರೂ ‘ಗೋಡೆ’ ಎಂದು ಕರೆಯುವ ಆ ಗೋಲ್‌ಕೀಪರ್ ಉದ್ದಕ್ಕೆ ಉಸಿರೆಳೆದು ಮುಖ ಕಿವುಚಿದ. “ಅಬ್ಬಬ್ಬಾ! ನೆತ್ತಿಗೇ ಹತ್ತಿಬಿಡ್ತು, ಸಾರ್.”

ಕೋಚ್ ಶೀಶೆಯನ್ನು ಬಗ್ಗಿಸಿ ಅವನ ಅಂಗೈಗೆ ಸುರಿದರು. ಬರೀ ನಲ್ಲಿ ನೀರು.

ಗೋಡೆಯ ಮುಖ ಬಿಳಿಚಿಕೊಂಡಿತು. “ಮನೆಗೆ ಕಳಿಸ್ಬೇಡಿ ಸಾರ್. ಇವತ್ತು ಸೋತ್ರೆ ನಾವು ಕೆಳಗಿನ ಡಿವಿಜನ್‌ಗೆ ಬೀಳೋ ಹಾಗಾಗುತ್ತೆ.”

“ಯಾರೋ ಕಳಿಸ್ತೀನಿ ಅಂದಿದ್ದು?” ಕೋಚ್ ತಮ್ಮ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು ಬಾಗಿಲವರೆಗೆ ಹಿಂದೆ ಸರಿದರು. “ಕೆಳಕ್ಕೆ ಬೀಳೋದು ನಾವು, ಇಲ್ಲಾ ಇವತ್ತು ಬಂದಿರೋ ಅವರು. ಮುಂದಿನ ವಾರ ಕೊನೇ ಮ್ಯಾಚ್‌ಗೆ ಅವರಿಗೆ ಆಡೋಕೆ ಜನಾನೇ ಇಲ್ದಿದ್ರೆ, ನಾವು ಉಳ್ಕೋತೀವಿ. ಅವರ ಫಾರ್ವರ್ಡ್ ನಿಮ್ಮಕ್ಕನ ಗಂಡ ಅಲ್ವಾ? ಮ್ಯಾಚ್ ಮುಗಿದ್ಮೇಲೆ ಭಾವನ್ನ ಗಟ್ಟಿಯಾಗಿ ತಬ್ಕೋ.”

ಗೋಡೆ ಗ್ಲೌಸ್ ಹಾಕಿಕೊಂಡು, ಅದರ ಪಟ್ಟಿಯನ್ನು ಹಲ್ಲಿನಿಂದ ಎಳೆದು ಬಿಗಿದುಕೊಂಡ.