ಜೋಳದ ಹಿಟ್ಟು ಹಚ್ಚಿದ ಕೈ

ಜೋಳದ ಹಿಟ್ಟಿನ ಪಾಕೀಟು ಬಿಚ್ಚಿದಾಗಲೆಲ್ಲ ಆ ವಾಸನೆಗೆ ನನ್ನ ಎದೆ ಇವತ್ತಿಗೂ ಒಮ್ಮೆ ಝಲ್ಲೆನ್ನುತ್ತದೆ.

ಆಗ ನನಗೆ ಎಂಟು ವರ್ಷ. ವಿಜಯಪುರದಿಂದ ಅಜ್ಜ ಮೂರು ತಿಂಗಳಿಗೆಂದು ಪರದೇಶದ ಗ್ರೀನ್‌ಫರ್ಡ್‌ನ ನಮ್ಮ ಫ್ಲಾಟಿಗೆ ಬಂದಿದ್ದ. ಊರಿನ ಗರಡಿಮನೆಯಲ್ಲಿ ದಿನವೂ ಗುಂಡುಕಲ್ಲು ಎತ್ತುತ್ತಿದ್ದವನಿಗೆ ಇಲ್ಲಿ ಮೈಯೆಲ್ಲ ಜಡವಾಗಿತ್ತು. ಒಂದು ಮಧ್ಯಾಹ್ನ ಅವ್ವ ಕೆಲಸಕ್ಕೆ ಹೋದ ಮೇಲೆ, ಇಪ್ಪತ್ತು ಕಿಲೋ ಅಕ್ಕಿಯ ಚೀಲವನ್ನು ನಡುಮನೆಗೆ ಎಳೆದು ತಂದ. ಗರಡಿಯಲ್ಲಿ ಹಿಡಿತಕ್ಕೆ ಹಚ್ಚುವ ಕೆಮ್ಮಣ್ಣು ಇಲ್ಲಿ ಸಿಗದೆಂದು ಅಂಗೈಗೆ ಜೋಳದ ಹಿಟ್ಟು ತಿಕ್ಕಿಕೊಂಡ.

"ಅಜ್ಜಾ, ಇಟ್ ವಿಲ್ ಸ್ಲಿಪ್!" ಎಂದೆ.

"ನಿಮ್ಮಪ್ಪಗಿಂತ ಭಾರದ ಕಲ್ಲು ಎತ್ತೀನಿ. ಸುಮ್ಮ ಕುಂಡ್ರು," ಎಂದು ನಕ್ಕ.

ಚೀಲ ತಲೆಯ ಮೇಲೇರಿತು. ಅದೇ ಹೊತ್ತಿಗೆ ವರ್ಷದ ನನ್ನ ತಂಗಿ ಅಂಬೆಗಾಲಿಡುತ್ತ ಬಂದು ಅದರ ಕೆಳಗೇ ಕುಳಿತಳು. ನಾನು ಬಾಯಿ ತೆರೆದೆ, ದನಿ ಹೊರಡಲಿಲ್ಲ. ಹಿಟ್ಟಿನ ಕೈಯಿಂದ ಚೀಲ ಜಾರಿತು. ಅಷ್ಟರಲ್ಲಿ ಅವಳನ್ನು ಕಂಡ ಅಜ್ಜ, ಚೀಲವನ್ನು ಎದೆಗೆ ಅವುಚಿಕೊಂಡು ಹಿಂದಿನ ಸೋಫಾದ ಮೇಲೆ ಬಿದ್ದ. ತಂಗಿ ಚಪ್ಪಾಳೆ ತಟ್ಟಿದಳು.

ಅಜ್ಜ ಚೀಲವನ್ನು ಬದಿಗೆ ಸರಿಸಿ ಎದ್ದ. ಹಿಟ್ಟು ಹತ್ತಿದ ಕೈಯಿಂದಲೇ ಅವಳ ತಲೆ ನೇವರಿಸಿದ.

ಮರುದಿನ ತಂಗಿಯನ್ನು ಒಳಗೆ ಮಲಗಿಸಿ ಬಂದು, ನನ್ನನ್ನು ಹೆಗಲಿಗೇರಿಸಿಕೊಂಡು ಕೂತು ಏಳುವ ಬೈಠಕ್ ಹೊಡೆಯಲು ನಿಂತ.

"ಚೀಲ ಜಾರಿದ್ರ ಬಾಯಿ ಬಿಡಂಗಿಲ್ಲ. ನೀ ಆದ್ರ ಒದರ್ತಿ. ಒದರ್ತೀಯಿಲ್ಲ?"

ಹೂಂ ಎಂದೆ. ನಾನು ಜಾರಲಿಲ್ಲ. ಆದರೂ ಒಂದು, ಎರಡು, ಮೂರು ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಒದರಿ ಎಣಿಸಿದೆ.