ಗಟ್ಟಿಯಾಗಿ ಓದುವ ಪುಸ್ತಕ

ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ಈಗಲೂ ಮೊಮ್ಮಗಳು ಚಿಕ್ಕವಳಿದ್ದಾಗಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಕೆಂಗೇರಿಗೆ ಆಗಿನ್ನೂ ಮೆಟ್ರೋ ಬಂದಿರಲಿಲ್ಲ. ಓಟದಲ್ಲಿ ಪದಕ ಗೆದ್ದ ಹುಡುಗಿಯೊಬ್ಬಳು ತನ್ನ ದುಡ್ಡು ಹಾಕಿ ನಮ್ಮ ಬೀದಿಯ ಮಕ್ಕಳಿಗೆ ಪುಸ್ತಕದ ಮನೆ ಮಾಡಿದ್ದಳು. ಅಲ್ಲೊಂದು ಕಟ್ಟುಪಾಡು. ತಂದ ಪುಸ್ತಕವನ್ನು ಮನೆಯ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಬೇಕು, ಆಮೇಲೇ ಇನ್ನೊಂದು. ಹಗಲು ಮನೆಯಲ್ಲಿರುತ್ತಿದ್ದವಳು ನಾನೊಬ್ಬಳೇ. ನಾನು ಬಸ್ಸಿನ ಬೋರ್ಡು ಕೂಡಿಸಿ ಓದುವಷ್ಟರಲ್ಲಿ ಬಸ್ಸೇ ಹೋಗಿರುತ್ತಿತ್ತು. ಮೊಮ್ಮಗಳ ಓದು ಕೇಳುವುದಕ್ಕೆಂದೇ ಮಧ್ಯಾಹ್ನದ ನಿದ್ದೆ ಬಿಟ್ಟಿದ್ದೆ.

ಅವತ್ತು ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕಾದೆ. ಅವಳು ಬಂದು ಪುಸ್ತಕ ತೆರೆದು ಸುಮ್ಮನೆ ಕೂತಳು.

“ಬಾಯಿಗೆ ಏನಾಯ್ತೇ?”

“ಇನ್ಮೇಲೆ ಮನಸ್ಸಲ್ಲೇ ಓದ್ಕೋಬಹುದಂತೆ ಅಜ್ಜಿ. ನಂಗೆ ಚೆನ್ನಾಗಿ ಬರುತ್ತೆ ಅಂದ್ರು ಓಟದ ಅಕ್ಕ.”

“ಹಂಗಾದ್ರೆ ನಾನೇನು ಅವರೆಕಾಯಿ ಜೊತೆ ಮಾತಾಡ್ಲಾ?”

ಅವಳಿಗೆ ಕೇಳಿಸಲೇ ಇಲ್ಲ. ಹಾಳೆ ತಿರುವಿ ಒಬ್ಬಳೇ ಕಿಸಕ್ಕನೆ ನಕ್ಕಳು.

“ಏನೇ ಅದು? ನಂಗೂ ಹೇಳೇ” ಎಂದೆ.

“ತಡಿ ಅಜ್ಜಿ. ಬೆಳಕಿಗೆ ಅಡ್ಡ ಕೂತಿದೀಯ, ಆ ಕಡೆ ಸರಿ.”

ನಾನು ಮೊರ ಎತ್ತಿಕೊಂಡು ಗೋಡೆಯ ಕಡೆ ಸರಿದು ಕೂತೆ.